ಹೇಳಿದರೆ ದಾಟುವ ನೋವು

ನಮ್ಮೂರಲ್ಲಿ ಎದುರು ಸಿಕ್ಕವರನ್ನು ಯಾರೂ ‘ಹೇಗಿದ್ದೀರಿ’ ಎಂದು ಕೇಳುವುದಿಲ್ಲ. ಹಾಗೆ ಕೇಳುವವರು ಒಂದೋ ಊರಿಗೆ ಹೊಸಬರು, ಇಲ್ಲವೇ ಕಾಲುಕೆರೆದು ಜಗಳಕ್ಕೆ ನಿಂತವರು. ನಾವು ಕೇಳುವುದು ‘ಊಟಕ್ಕೇನು?’ ಎಂದು. ಸಾರು ಅಂದರೆ ಸಾರು, ಪಲ್ಯ ಅಂದರೆ ಪಲ್ಯ. ಅಲ್ಲಿಗೆ ಮಾತು ಮುಗಿಯಿತು, ಇಬ್ಬರೂ ನೆಮ್ಮದಿಯಾಗಿ ಮನೆ ಸೇರಬಹುದು. ಏಕೆಂದರೆ ನಮ್ಮೂರಲ್ಲಿ ಮೈಯ ನೋವನ್ನು ಬಾಯಿಬಿಟ್ಟು ಹೇಳಿದರೆ ಅದು ಕೇಳಿಸಿಕೊಂಡವರಿಗೆ ದಾಟುತ್ತದೆ. ‘ಮಂಡಿ ನೋಯ್ತಿದೆ ಕಣವ್ವ’ ಅಂದರೆ ಸಾಕು, ಹೇಳಿದವಳು ಎದ್ದು ನೆಟ್ಟಗೆ ನಡೆದು ಹೋಗುತ್ತಾಳೆ, ಕೇಳಿದವಳು ಗೋಡೆ ಹಿಡಿದು ಕೂರುತ್ತಾಳೆ. ಬರೆದು ತೋರಿಸಿದರೂ ಅಷ್ಟೇ, ಕೈಸನ್ನೆ ಮಾಡಿದರೂ ಅಷ್ಟೇ. ಮಾರನೆಯ ದಿನ ಬೆಳಕು ಹರಿಯುವಾಗ ನೋವು ತನ್ನ ಒಡೆಯರನ್ನು ಹುಡುಕಿಕೊಂಡು ವಾಪಸ್ಸು ಹೋಗುತ್ತದೆ. ಇದನ್ನು ಓದುವವರು ಗಾಬರಿಪಡಬೇಕಾಗಿಲ್ಲ, ನಾನು ಹೇಳಹೊರಟಿರುವುದು ಹಳೆಯ ನೋವು. ಹಳೆಯದು ದಾಟುವುದಿಲ್ಲ.

ಹೀಗಾಗಿ ನಮ್ಮೂರಿನವರು ನೋವನ್ನು ನುಂಗಿಕೊಂಡೇ ಬದುಕುವುದನ್ನು ಕಲಿತಿದ್ದಾರೆ. ಆಸ್ಪತ್ರೆಯ ಡಾಕ್ಟರು ಎರಡೂ ಕಿವಿಗೆ ಹತ್ತಿ ತುರುಕಿಕೊಂಡು ಕೂರುತ್ತಾರೆ. ಬಾಯಿ ತೆಗೆ ಎಂದು ಸನ್ನೆ ಮಾಡುತ್ತಾರೆ, ತೆಗೆದ ಕೂಡಲೇ ಮಾತಾಡಬೇಡ ಎಂದು ಬೆರಳು ಅಡ್ಡ ಹಿಡಿಯುತ್ತಾರೆ. ನಾಲಗೆ ನೋಡಿ, ಉಗುರು ನೋಡಿ, ಅಂದಾಜಿನ ಮೇಲೆ ಮಾತ್ರೆ ಕೊಡುತ್ತಾರೆ. ಅತ್ತೆ ಸೊಸೆಯರ ಜಗಳ ತೀರಾ ವಿಕೋಪಕ್ಕೆ ಹೋದಾಗ ಮಾತ್ರ ಯಾರಾದರೊಬ್ಬರು ‘ನನ್ನ ಸೊಂಟ’ ಎಂದು ಬಾಯಿ ತೆರೆಯುವುದುಂಟು. ಆಗ ಇನ್ನೊಬ್ಬಳು ಕಿವಿ ಮುಚ್ಚಿಕೊಂಡು ಬೀದಿಗೆ ಓಡುತ್ತಾಳೆ. ಪ್ರೀತಿ ಇರುವ ಮನೆಗಳಲ್ಲಂತೂ ಯಾರ ಮೈಯಲ್ಲಿ ಏನಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ.

ನಮ್ಮದು ಪ್ರೀತಿ ಇರುವ ಮನೆ. ನನ್ನ ಗಂಡ ಚೆಲುವಯ್ಯ ಮಡಕೆ ಮಾಡುವವನು. ಮಡಕೆಯ ಒಳಗೆ ಹೊರಗೆ ಸೀಸದ ಪುಡಿ ಬಳಿದು ಸುಟ್ಟರೆ ಗಾಜಿನಂಥ ಹಸಿರು ಹೊಳಪು ಬರುತ್ತದೆಂದು ಕಂಡುಕೊಂಡವನು ಅವನೇ. ಆಮೇಲೆ ನೋಡಿ, ಊರಿನ ಅರ್ಧಕ್ಕರ್ಧ ಅಡುಗೆಮನೆಗಳಲ್ಲಿ ನಮ್ಮ ಹಸಿರು ಜಾಡಿ ಬಂದು ಕೂತಿತು. ಉಪ್ಪಿನಕಾಯಿ, ಹುಣಸೆ ಗೊಜ್ಜು, ಹುಳಿಮಜ್ಜಿಗೆ ಎಲ್ಲಕ್ಕೂ ಅದೇ. ಮಗಳು ಇಂದ್ರಾಣಿಯ ಮದುವೆಯಲ್ಲಿ ಬೀಗರ ಮನೆಗೆ ಕಳಿಸಿದ ದೊಡ್ಡ ಜಾಡಿಯನ್ನು ನೋಡಲು ಆ ಬೀದಿಯವರೆಲ್ಲ ಬಂದಿದ್ದರಂತೆ. ಜಂಬ ಪಡಬಾರದು ಅನ್ನುತ್ತಾರೆ, ನಾನು ಪಟ್ಟೆ. ಆದರೆ ಇಂದ್ರಾಣಿಗೆ ಮೊದಲ ಬಸುರು ನಿಲ್ಲಲಿಲ್ಲ, ಆರು ತಿಂಗಳಿಗೆ ಹೋಯಿತು. ಈಗ ಮತ್ತೆ ಬಸುರಿ, ಹೆರಿಗೆಗೆ ನಮ್ಮ ಮನೆಗೆ ಬಂದಿದ್ದಳು. ಬಯಕೆಗೆ ಬೇಕಲ್ಲ ಎಂದು ಜಾಡಿಯಿಂದ ನಾನೇ ತೆಗೆತೆಗೆದು ಬಡಿಸುತ್ತಿದ್ದೆ. ಊಟವಾದ ಮೇಲೆ ಅವಳು ನಡುಮನೆಯ ಕಂಬ ಹಿಡಿದು ಒಂದು ಗಳಿಗೆ ನಿಲ್ಲುತ್ತಿದ್ದಳು, ನಾನು ನೋಡಿದರೆ ‘ಮಗು ಒದೀತು’ ಎಂದು ನಗುತ್ತಿದ್ದಳು. ಊಟವಾದ ಮೇಲೆ ನನಗೂ ಹೊಕ್ಕುಳ ಸುತ್ತ ಹಿಂಡುತ್ತಿತ್ತು. ಅದು ನನ್ನ ವಯಸ್ಸಿನ ಕಾಟ ಎಂದುಕೊಂಡು ಹಿತ್ತಿಲಿಗೆ ಹೋಗಿ ಬಗ್ಗಿ ಕೂತು ಬರುತ್ತಿದ್ದೆ. ಅವಳದು ಒದೆತವೋ ನೋವೋ ಎಂದು ಕೇಳುವ ಆಸೆ ನಾಲಗೆಯ ತುದಿಯವರೆಗೆ ಬಂದು ನಿಲ್ಲುತ್ತಿತ್ತು. ಕೇಳಿದರೂ ಅವಳು ಹೇಳುವವಳಲ್ಲ. ಹೇಳಿದರೆ ನನಗೆ ಬರುತ್ತದಲ್ಲ!

ಅಂಥ ದಿನಗಳಲ್ಲೇ ಮೇದಿನಿ ಎಂಬ ಹುಡುಗಿ ಪಟ್ಟಣದಿಂದ ಬಂದಿಳಿದಳು. ಆರೋಗ್ಯ ಮತ್ತು ಜನಜೀವನ ಎರಡನ್ನೂ ಸೇರಿಸಿ ಅಧ್ಯಯನ ಮಾಡುವ ಸಂಸ್ಥೆಯವಳಂತೆ. ಮೂವತ್ತರ ಆಸುಪಾಸು, ಕೆದರಿದ ತಲೆ, ಯಾವುದನ್ನು ಕಂಡರೂ ‘ಇದ್ಯಾಕೆ ಹೀಗೆ?’ ಎನ್ನುವ ಸ್ವಭಾವ. ನಮ್ಮ ಜಗಲಿಯ ಪಕ್ಕದ ಕೋಣೆಯಲ್ಲಿ ಇಳಿದುಕೊಂಡಳು. “ತಾಯಮ್ಮನೋರೆ, ಸುತ್ತಲ ಊರುಗಳಲ್ಲೆಲ್ಲ ಅಷ್ಟೋ ಇಷ್ಟೋ ಕಾಯಿಲೆ ಇದೆ. ನಿಮ್ಮೂರಿಂದ ಮಾತ್ರ ಪ್ರತಿ ವರ್ಷ ಸೊನ್ನೆ ಅಂತ ವರದಿ ಬರುತ್ತೆ. ಆದ್ರೆ ಹುಟ್ಟದೆ ಹೋಗೋ ಮಕ್ಕಳು ಇಲ್ಲೇ ಜಾಸ್ತಿ. ಈ ಸೊನ್ನೆ ಹೇಗಿದೆ ಅಂತ ನೋಡೋಣ ಅಂತ ಬಂದೆ” ಎಂದಳು. ಸೊನ್ನೆ ನೋಡಲು ಅಷ್ಟು ದೂರದಿಂದ ಬಂದವರನ್ನು ನಾನು ಅವಳಿಗಿಂತ ಮೊದಲು ಕಂಡಿರಲಿಲ್ಲ.

ಊರಿನ ರೀತಿಯನ್ನು ಅವಳಿಗೆ ತಿಳಿಸಿದೆ. ಅವಳು ನಕ್ಕಳು, ನಂಬಲಿಲ್ಲ. ಮನೆಮನೆಗೆ ಹೋಗಿ ‘ಹೊಟ್ಟೆನೋವು ಬರುತ್ತಾ?’ ಎಂದು ಕೇಳಿದಳು. ಕೇಳಿದವರೆಲ್ಲ ‘ಇಲ್ಲಪ್ಪ, ಚೆನ್ನಾಗಿದೀವಿ’ ಎಂದು ಕಾಫಿ ಕೊಟ್ಟು ಕಳಿಸಿದರು. ಕೊನೆಗೆ ಬೀದಿಯ ತುದಿಯ ಹೊನ್ನಪ್ಪಜ್ಜನ ಮನೆ ಸಿಕ್ಕಿತು. ಆ ಮುದುಕನಿಗೆ ಯಾರ ಮುಲಾಜೂ ಇಲ್ಲ. “ಬರ್ತದೆ ಕಣಮ್ಮ, ಉಂಡ ಮೇಲೆ ಕರುಳು ಹಿಂಡ್ತದೆ” ಎಂದು ಹೇಳಿ, ಹಗುರಾಗಿ, ಟವೆಲು ಕೊಡವಿ ಹೆಗಲ ಮೇಲೆ ಹಾಕಿಕೊಂಡು ಪೇಟೆಗೆ ಹೊರಟೇಹೋದ. ಮೇದಿನಿ ಬೀದಿಯಲ್ಲೇ ಮಡಿಚಿಕೊಂಡು ಬಿದ್ದಳು. ನಾನೂ ಇಂದ್ರಾಣಿಯೂ ತೋಳು ಹಿಡಿದು ಕರೆತಂದೆವು. ಬೆಳಗಾಗುವವರೆಗೆ ಚಾಪೆಯ ಮೇಲೆ ಮುದುಡಿ ಮಲಗಿದ್ದವಳು ಅಷ್ಟರ ನಡುವೆಯೂ “ಅಯ್ಯೋ, ಇದೆಂಥ ಅದ್ಭುತ!” ಎನ್ನುತ್ತಿದ್ದಳು. ಇವಳಿಗೆ ಸ್ವಲ್ಪ ಹೆಚ್ಚುಕಮ್ಮಿ ಇರಬೇಕು ಎಂದುಕೊಂಡೆ.

ಮರುದಿನ ಅವಳು ಇಂದ್ರಾಣಿಯ ಚೌಕಾಬಾರದ ಹುಣಸೆಬೀಜಗಳನ್ನು ಕೇಳಿ ಇಸಿದುಕೊಂಡಳು. ಬೀಜವನ್ನು ಕಲ್ಲಿಗೆ ಉಜ್ಜಿ ಹೋಳು ಮಾಡಿದರೆ ಒಂದು ಕಡೆ ಬಿಳಿ, ಒಂದು ಕಡೆ ಕರಿ. ಅದರಲ್ಲೊಂದನ್ನು ಮಧ್ಯಾಹ್ನವೆಲ್ಲ ಎಸೆದಳು, ಆಯ್ದಳು, ಮತ್ತೆ ಎಸೆದಳು. ಒಬ್ಬಳೇ ಆಡುತ್ತಾಳೆ, ಗೆಲ್ಲುವುದೂ ಇಲ್ಲ, ಸೋಲುವುದೂ ಇಲ್ಲ. ಏನು ಆಟ ಎಂದು ಕೇಳಿದೆ. “ಬಿಳಿಯೂ ಕರಿಯೂ ಸಮಸಮ ಬೀಳುತ್ತಾ ಅಂತ ನೋಡ್ತಿದೀನಿ” ಅಂದಳು. ಸಮ ಬೀಳುವ ಬೀಜ ಸಿಗುವವರೆಗೆ ಬೀಜ ಬದಲಾಯಿಸಿದಳು. ಆಮೇಲೆ ನನ್ನನ್ನು ಕೂರಿಸಿಕೊಂಡು ಹೇಳಿದಳು: “ನೀವು ಒಳಗೆ ಹೋಗಿ, ಯಾರಿಗೂ ಕಾಣದ ಹಾಗೆ ಬೀಜ ಹಾಕಿ. ನಾನು ‘ಹೊಟ್ಟೆನೋವು ಬರುತ್ತಾ?’ ಅಂತ ಕೇಳ್ತೀನಿ. ಬಿಳಿ ಬಿದ್ರೆ, ನೋವಿರ್ಲಿ ಬಿಡ್ಲಿ, ‘ಹೌದು’ ಅನ್ನಿ. ಕರಿ ಬಿದ್ರೆ ಇದ್ದದ್ದನ್ನ ಇದ್ದ ಹಾಗೆ ಹೇಳಿ. ಏನು ಬಿತ್ತು ಅಂತ ಮಾತ್ರ ನನಗೆ ಹೇಳ್ಬೇಡಿ.”

“ಹಾಗಾದ್ರೆ ನನ್ನ ‘ಹೌದು’ ನಂದೋ ಬೀಜದ್ದೋ ಅಂತ ನಿನಗೆ ಹೇಗೆ ಗೊತ್ತಾಗುತ್ತೆ?”

“ಗೊತ್ತಾಗಲ್ಲ. ಅದಕ್ಕೇ ನೋವು ದಾಟಲ್ಲ ಅಂತ ನನ್ನ ಊಹೆ. ನಿಮ್ಮ ವಿಚಾರ ನನಗೇನೂ ತಿಳಿಯಲ್ಲ, ಆದ್ರೆ ಊರಿನ ವಿಚಾರ ತಿಳಿಯುತ್ತೆ. ಬೀಜದ ಪಾಲು ಅರ್ಧ ಅಂತ ನನಗೆ ಗೊತ್ತಲ್ಲ, ಅದನ್ನ ಕಳೆದ್ರೆ ಉಳಿದಿದ್ದು ಜನರದ್ದು.”

ಪರೀಕ್ಷೆಗೆ ಹೊನ್ನಪ್ಪಜ್ಜನನ್ನೇ ಕರೆದಳು. ಅವನು ಒಳಗೆ ಹೋಗಿ ಬೀಜ ಹಾಕಿ ಬಂದು “ಹೌದು” ಎಂದ. ಮೇದಿನಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕಣ್ಣು ಮುಚ್ಚಿ ನಿಂತಳು. ಏನೂ ಆಗಲಿಲ್ಲ. ಅಜ್ಜನನ್ನು ಮತ್ತೆ ಮತ್ತೆ ಒಳಗೆ ಕಳಿಸಿ, ಮತ್ತೆ ಮತ್ತೆ ‘ಹೌದು’ ಅನ್ನಿಸಿದಳು. ಆಗಲೂ ಏನೂ ಆಗಲಿಲ್ಲ. ಅವಳು ಮಗುವಿನ ಹಾಗೆ ಕುಣಿದಳು. “ಇವಳಿಗೆ ಏನೂ ಆಗ್ಲಿಲ್ಲ ಅಂತ ಕುಣೀತಾಳಲ್ಲ” ಎಂದು ಅಜ್ಜ ಬೇಜಾರಿನಿಂದ ಮನೆಗೆ ಹೋದ.

ಊರಿನ ಎಲ್ಲ ಮನೆ ಸುತ್ತಲು ಆಗುವುದಿಲ್ಲವೆಂದು ಮನೆಗಳನ್ನು ಚೀಟಿ ಎತ್ತಿ ಆರಿಸಿದಳು. ‘ಆಯಮ್ಮನ ಮನೆ ಬೇಡ, ಜಗಳಗಂಟಿ’ ಅಂದರೂ ಕೇಳಲಿಲ್ಲ. ನಮಗೆ ಬೇಕಾದವರನ್ನೇ ಕೇಳಿದರೆ ನಮಗೆ ಬೇಕಾದ ಉತ್ತರವೇ ಬರುತ್ತದೆ ಎಂದಳು. ಒಂದೊಂದು ‘ಹೌದು’ ಎಂಬುದಕ್ಕೆ ಒಂದು ಅವರೆಕಾಳು, ‘ಇಲ್ಲ’ ಎಂಬುದಕ್ಕೆ ಒಂದು ಹುರುಳಿಕಾಳು ಮೊರದಲ್ಲಿ ಹಾಕುತ್ತ ಹೋದಳು. ಸುತ್ತಾಟವೆಲ್ಲ ಮುಗಿದ ದಿನ ಜಗಲಿಯ ಮೇಲೆ ಮೊರ ಇಟ್ಟುಕೊಂಡು ಪೆಚ್ಚಾಗಿ ಕೂತಿದ್ದಳು. ಅವರೆಕಾಳು ಬೆರಳೆಣಿಕೆಯಷ್ಟು, ಉಳಿದದ್ದೆಲ್ಲ ಹುರುಳಿ.

“ಬರೀ ಬೀಜ ಆಡಿದ್ರೂ ಅರ್ಧ ಜನ ‘ಹೌದು’ ಅನ್ಬೇಕಿತ್ತು. ಈ ಲೆಕ್ಕ ನಂಬಿದ್ರೆ ನಿಮ್ಮೂರಲ್ಲಿ ಹೊಟ್ಟೆನೋವು ಇರೋರು ಸೊನ್ನೆಗಿಂತ ಕಮ್ಮಿ ತಾಯಮ್ಮನೋರೆ!”

“ಸೊನ್ನೆಗಿಂತ ಕಮ್ಮಿ ಜನ ಎಲ್ಲಾದ್ರೂ ಇರ್ತಾರೇನವ್ವ?”

“ಅದೇ ನನಗೂ ಆಶ್ಚರ್ಯ.”

ನನಗೆ ನಗು ತಡೆಯಲಾಗಲಿಲ್ಲ. “ನನಗೆ ಬಿಳಿ ಬಿದ್ದಿತ್ತು. ಆದ್ರೂ ‘ಇಲ್ಲ’ ಅಂದೆ” ಎಂದೆ. ಅವಳು ಕಣ್ಣು ಬಿಟ್ಟಳು. “ನೀನು ಹೆಣ್ಣುಮಗಳು, ಒಬ್ಬಳೇ ಬಂದಿದೀಯ. ಒಂದು ಸಲ ಬಿದ್ದು ಹೊರಳಾಡಿದ್ದನ್ನ ಊರೆಲ್ಲ ನೋಡಿದೆ. ದಾಟಲ್ಲ ಅಂತ ನೀನು ಹೇಳ್ತೀಯ, ಅಪ್ಪಿತಪ್ಪಿ ದಾಟಿಬಿಟ್ರೆ? ಮನೆಗೆ ಬಂದೋರ ಮುಖ ನೋಡ್ಕೊಂಡು ‘ಹೌದು’ ಅನ್ನಕ್ಕೆ ನಮ್ಮೂರೋರ ನಾಲಗೆ ಏಳಲ್ಲ ಕಣವ್ವ.” ಅಕ್ಕಪಕ್ಕದವರನ್ನು ಕರೆದು ಕೇಳಿದಳು. ಎಲ್ಲರದೂ ಅದೇ ಕಥೆ. ಬಿಳಿ ಬಿದ್ದರೂ, ಕರಿ ಬಿದ್ದರೂ, ಪಾಪದ ಹುಡುಗಿ ಎಂದು ಎಲ್ಲರೂ ‘ಇಲ್ಲ’ ಎಂದೇ ಹೇಳಿ ಕಳಿಸಿದ್ದರು. ಅವಳಿಗೆ ಕೋಪ ಬರಬೇಕಿತ್ತು. ಅವಳು ಮೊರ ತಬ್ಬಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಗ ಅವಳು ನನಗೆ ನಿಜವಾಗಿ ಇಷ್ಟವಾದಳು.

“ಸರಿ, ‘ಹೌದು’ ಅನ್ನೋ ಮಾತೇ ಬೇಡ” ಎಂದಳು ಕೊನೆಗೆ. “ನಾನು ನಿಮ್ಮ ಹಾಗೇ ‘ಊಟಕ್ಕೇನು’ ಅಂತ ಕೇಳ್ತೀನಿ. ಬಿಳಿ ಬಿದ್ದೋರು ‘ಪಲ್ಯ’ ಅನ್ನಿ. ಕರಿ ಬಿದ್ದು ನೋವಿದ್ರೂ ‘ಪಲ್ಯ’. ಕರಿ ಬಿದ್ದು ನೋವಿಲ್ಲದಿದ್ರೆ ಮಾತ್ರ ‘ಸಾರು’. ಪಲ್ಯ ಅನ್ನಕ್ಕೆ ಯಾರಿಗೂ ಹೆದರಿಕೆ ಇರಲ್ಲ ಅಲ್ವಾ?” ಪಲ್ಯಕ್ಕೆ ಹೆದರುವವರು ನಮ್ಮೂರಲ್ಲಿ ಯಾರೂ ಇರಲಿಲ್ಲ.

ಎರಡನೆಯ ಸುತ್ತು ನಮ್ಮ ಮನೆಗೂ ಬಂತು. ಮೊದಲು ಚೆಲುವಯ್ಯ ಒಳಗೆ ಹೋಗಿ ಬಂದು “ಸಾರು” ಎಂದ. ಅವನಿಗೆ ನೋವಿಲ್ಲ ಎಂದು ಗೊತ್ತಾಗಿ ನನ್ನ ಜೀವಕ್ಕೆ ಸಮಾಧಾನವಾಯಿತು. ನನಗೆ ಕರಿ ಬಿತ್ತು. ಅಡುಗೆಮನೆಯ ಕತ್ತಲಲ್ಲಿ ಆ ಬೀಜವನ್ನೇ ನೋಡುತ್ತ ನಿಂತೆ. ಹೊರಗೆ ಬಂದು “ಪಲ್ಯ” ಎಂದೆ. ವರ್ಷಗಳಿಂದ ಒಳಗೆ ಇಟ್ಟುಕೊಂಡಿದ್ದ ನಿಜ ಬಾಯಿಂದ ಹೊರಬಿದ್ದಿತ್ತು, ಎದುರಿಗಿದ್ದವಳು ನಗುತ್ತ ನಿಂತೇ ಇದ್ದಳು. ಯಾಕೋ ಅಳು ಬಂತು, ಈರುಳ್ಳಿ ನೆಪ ಹೇಳಿದೆ. ಕೊನೆಗೆ ಇಂದ್ರಾಣಿ ಹೋದಳು. ಬಹಳ ಹೊತ್ತು ಒಳಗೇ ಇದ್ದಳು. ಬಂದವಳು ನನ್ನ ಕಡೆ ನೋಡದೆ “ಪಲ್ಯ” ಎಂದಳು. ಬಿಳಿಯೋ, ಕರಿಯೋ? ಅನ್ನ ಬಡಿಸುವಾಗ, ನೀರು ಸೇದುವಾಗ, ಸೆರಗು ಹೊದ್ದು ಮಲಗುವಾಗ ನನ್ನ ತಲೆಯಲ್ಲಿ ಅದೊಂದೇ. ಬಿಳಿಯೋ, ಕರಿಯೋ?

ಕೊನೆಯ ಮನೆ ಮುಗಿದ ಮೇಲೆ ಮೇದಿನಿ ಊರಿನವರನ್ನು ಶಾಲೆಯ ಅಂಗಳಕ್ಕೆ ಕರೆದಳು. ಯಾವ ಕಾಳು ಯಾವ ಮನೆಯದು ಎಂದು ಗುರುತು ಇಟ್ಟುಕೊಂಡಿದ್ದಳು, ಆ ಮನೆಗಳಲ್ಲಿ ಯಾವ ನೀರು, ಯಾವ ಪಾತ್ರೆ ಎಂಬುದನ್ನೂ ನೋಡಿಟ್ಟಿದ್ದಳು. ಈ ಸಲ ಅವರೆಕಾಳು ಧಾರಾಳವಾಗಿತ್ತು. “ಒಂದೇ ರಾಶೀನ ಬೇರೆ ಬೇರೆ ಕಡೆಯಿಂದ ಕತ್ತರಿಸಿ ನೋಡೋಣ” ಎಂದಳು. ಸೇದುಬಾವಿಯ ನೀರು ಕುಡಿಯುವವರದು ಒಂದು ಮೊರ, ನಲ್ಲಿ ನೀರಿನವರದು ಒಂದು ಮೊರ ಮಾಡಿದಳು. ಎರಡೂ ಮೊರ ಒಂದೇ ಥರ ಕಂಡವು. ಮುದುಕರು, ಹರೆಯದವರು ಎಂದು ಕತ್ತರಿಸಿದಳು. ಅಲ್ಲೂ ಅಂಥ ವ್ಯತ್ಯಾಸವಿಲ್ಲ. ವಯಸ್ಸಿನ ಕಾಟವಲ್ಲ ಹಾಗಾದರೆ ಎಂದು ನಾನು ಹೊಟ್ಟೆ ಮುಟ್ಟಿಕೊಂಡೆ. ಆಮೇಲೆ ಹಸಿರು ಜಾಡಿ ಇರುವ ಮನೆ, ಇಲ್ಲದ ಮನೆ ಎಂದು ಕತ್ತರಿಸಿದಳು. ಜಾಡಿ ಇಲ್ಲದವರ ಮೊರದಲ್ಲಿ ಅವರೆ ಹುರುಳಿ ಹೆಚ್ಚುಕಡಿಮೆ ಸಮಸಮ, ಬರೀ ಬೀಜ ಆಡಿದ ಹಾಗೆ. ಜಾಡಿ ಇರುವವರ ಮೊರದಲ್ಲಿ ಹುರುಳಿಯನ್ನು ಹುಡುಕಬೇಕಾಗಿತ್ತು.

“ಹತ್ತು ಕಾಳಲ್ಲಿ ಎಂಟು ಅವರೆ. ಅದರಲ್ಲಿ ಐದು ಬೀಜದ ಪಾಲು. ಉಳಿದ ಐದು ಜನರಲ್ಲಿ ಮೂರು ಜನ ನಿಜವಾಗಿ ನೋವಿರೋರು. ಬಿಳಿ ಬಿದ್ದ ಐದು ಜನರಲ್ಲೂ ಅಷ್ಟೇ ಇರ್ತಾರೆ. ಅಂದ್ರೆ ಜಾಡಿ ಇರೋ ಮನೆಯ ಹತ್ತು ಜನರಲ್ಲಿ ಆರು ಜನಕ್ಕೆ ನೋವಿದೆ” ಎಂದಳು ಮೇದಿನಿ.

“ಜಾಡಿ ಇರೋರು ಉಳ್ಳೋರು. ಉಳ್ಳೋರು ಜಾಸ್ತಿ ತಿಂತಾರೆ, ಹೊಟ್ಟೆ ನೋಯ್ತದೆ!” ಎಂದು ಹಿಂದಿನಿಂದ ಹೊನ್ನಪ್ಪಜ್ಜ ಕೂಗಿದ, ಅವನ ಮನೆಯಲ್ಲೂ ಒಂದು ಹಸಿರು ಜಾಡಿಯಿತ್ತು. ಜನ ನಕ್ಕರು. ಮೇದಿನಿ ನಗಲಿಲ್ಲ. “ಒಳ್ಳೆ ಪ್ರಶ್ನೆ ಅಜ್ಜ” ಎಂದು ಮೇಲಿನ ಬೀದಿಯವರ ಕಾಳನ್ನು ಬೇರೆ ಮಾಡಿದಳು. ಅವರು ಉಳ್ಳವರೇ, ಆದರೆ ಮಡಿ ಎಂದು ಕಲ್ಲಿನ ಪಾತ್ರೆ ಬಿಟ್ಟು ಬೇರೆಯದನ್ನು ಮುಟ್ಟುವುದಿಲ್ಲ. ಅವರದು ಸಮಸಮ.

ನನ್ನ ಗಂಡ ಎದ್ದು ನಿಂತ. ಅವನ ಮುಖ ಸುಟ್ಟ ಇಟ್ಟಿಗೆಯ ಹಾಗೆ ಕೆಂಪಾಗಿತ್ತು. “ಬೆಳಗಾದ್ರೆ ಆ ಜಾಡಿಯಿಂದಾನೇ ತಿಂತೀನಿ. ಎಲ್ಲರಿಗಿಂತ ಮೊದಲು ತಿಂದೋನು ನಾನು. ನೋಡಮ್ಮ ನನ್ನ, ಏನಾಗಿದೆ ನನಗೆ?”

“ನೀವು ಉಳಿದ ನಾಲ್ವರಲ್ಲಿ ಒಬ್ಬರಿರಬಹುದು ಚೆಲುವಯ್ಯನೋರೆ. ನಿಮಗೆ ಇಲ್ಲ ಅಂದ್ರೆ ಯಾರಿಗೂ ಇಲ್ಲ ಅಂತಲ್ಲ. ಹುಳಿ ನಿಮ್ಮ ಹೊಳಪನ್ನ ತಿಂತಿದೆ, ಸೀಸ ಊಟಕ್ಕೆ ಇಳೀತಿದೆ ಅಂತ ನನ್ನ ಅನುಮಾನ. ಸೀಸ ವಿಷ, ಬಸಿರಲ್ಲಿರೋ ಮಗೂಗೂ ತಗಲುತ್ತೆ. ಜಾಡಿ ಚೂರನ್ನ ಪಟ್ಟಣಕ್ಕೆ ಪರೀಕ್ಷೆಗೆ ಕಳಿಸ್ತೀನಿ.”

“ಅನುಮಾನದ ಮೇಲೆ ನನ್ನ ಕಸುಬು ನಿಲ್ಲಿಸ್ಲಾ?” ಎಂದು ಟವೆಲು ಕೊಡವಿ ಅವನು ಹೊರಟುಹೋದ.

ಜನ ಕರಗಿದ ಮೇಲೆ ನಾನು ಮೇದಿನಿಯ ಕೈ ಹಿಡಿದುಕೊಂಡೆ. “ನನ್ನ ಇಂದ್ರಾಣಿ ಆ ಆರರಲ್ಲೋ, ನಾಲ್ಕರಲ್ಲೋ? ಅಷ್ಟು ಹೇಳು ಮಗ.” ಅವಳ ಮುಖ ಸಣ್ಣದಾಯಿತು. “ಗೊತ್ತಿಲ್ಲ ತಾಯಮ್ಮನೋರೆ. ಇರಬಹುದು ಅನ್ನಬಹುದು, ಇದೆ ಅನ್ನಕ್ಕಾಗಲ್ಲ. ಅದು ಗೊತ್ತಾಗದೆ ಇರೋ ಹಾಗೇ ನಾನು ಈ ಲೆಕ್ಕ ಕಟ್ಟಿದ್ದು. ಗೊತ್ತಾಗಿದ್ದಿದ್ರೆ ನಾನಿಲ್ಲಿ ನಿಂತಿರ್ತಿರಲಿಲ್ಲ. ಊರಿಗೆ ಏನಾಗಿದೆ ಅಂತ ನಾನು ಹೇಳಬಲ್ಲೆ. ನಿಮ್ಮ ಮಗಳಿಗೆ ಏನಾಗಿದೆ ಅಂತ ಅವಳೇ ಹೇಳಬೇಕು.”

ಮನೆಗೆ ಬಂದಾಗ ಇಂದ್ರಾಣಿ ನಡುಮನೆಯಲ್ಲಿ ಕೂತು ಸೊಪ್ಪು ಸೋಸುತ್ತಿದ್ದಳು. ಅವಳ ಎದುರಿಗೆ ಕೂತೆ. “ಹೇಗಿದೀಯ?” ಎಂದೆ. ಕೆನ್ನೆಗೆ ಹೊಡೆದವರ ಹಾಗೆ ಅವಳು ನನ್ನನ್ನು ನೋಡಿದಳು. “ಅಮ್ಮ, ಏನು ಮಾತಾಡ್ತಿದೀಯ?” “ಹೇಗಿದೀಯ ಅಂತ ಕೇಳ್ದೆ. ನಿಂಗೆ ಕರಿ ಬಿತ್ತೋ ಬಿಳಿ ಬಿತ್ತೋ ನನಗೆ ಬೇಕಾಗಿಲ್ಲ. ಹೇಳು. ಹೇಳದೆ ಹೋದ್ರೆ ಇಲ್ಲಿಂದ ಏಳಲ್ಲ.” ಅವಳು ತಲೆ ಅಲ್ಲಾಡಿಸಿದಳು, ಬಾಯಿಗೆ ಸೆರಗು ತುರುಕಿಕೊಂಡಳು, ಎದ್ದು ಹೋಗಲು ನೋಡಿದಳು. ನಾನು ಸೆರಗು ಬಿಡಲಿಲ್ಲ. “ಮೊದಲನೇ ಸಲಾನೂ ಹೀಗೇ ಇತ್ತೇನೆ?” ಎಂದೆ. ಅಷ್ಟೇ, ಅವಳು ಕಟ್ಟೆಯೊಡೆದು ಅತ್ತುಬಿಟ್ಟಳು. “ಹೀಗೇ ಇತ್ತು. ಉಂಡ ಮೇಲೆ ಹೊಕ್ಕುಳ ಸುತ್ತ ಹಿಂಡುತ್ತೆ ಅಮ್ಮ. ಬಟ್ಟೆ ಹಿಂಡಿದ ಹಾಗೆ ಹಿಂಡುತ್ತೆ.”

ನೋವು ಬಂತು. ಹೊಸದೇನೋ ಬರುತ್ತದೆಂದು ಕಾದಿದ್ದೆ. ಬಂದದ್ದು ನನ್ನದೇ ನೋವು. ಅದೇ ಜಾಗ, ಅದೇ ತಿರುವು, ಅದೇ ಹಿಂಡು, ನನ್ನದರ ಮೇಲೆ ಸರಿಯಾಗಿ ಬಂದು ಕೂತಿತು. ಒಂದೇ ಮನೆಯಲ್ಲಿ, ಒಂದೇ ಜಾಡಿಯಿಂದ ಉಂಡು, ನಾವಿಬ್ಬರೂ ಒಬ್ಬರಿಗೊಬ್ಬರು ಗೊತ್ತಾಗದ ಹಾಗೆ ಒಂದೇ ನೋವನ್ನು ಬಚ್ಚಿಟ್ಟುಕೊಂಡಿದ್ದೆವು. ನನ್ನ ಕೈಯಾರೆ ಬಡಿಸಿದ್ದೆನಲ್ಲ ಎಂದು ನೆಲಕ್ಕೆ ಹಣೆ ಚಚ್ಚಿಕೊಂಡು ಅತ್ತೆ. ಇಂದ್ರಾಣಿ ನನ್ನ ಬೆನ್ನು ನೀವುತ್ತ ಕೂತಳು. ಎಷ್ಟೋ ದಿನಗಳ ಮೇಲೆ ಅವಳ ಹುಬ್ಬಿನ ಗಂಟು ಬಿಚ್ಚಿತ್ತು.

ಅಷ್ಟರಲ್ಲಿ ಚೆಲುವಯ್ಯ ಬಾಗಿಲಲ್ಲಿ ನಿಂತಿದ್ದ. ನೆಲದ ಮೇಲೆ ಬಿದ್ದಿದ್ದ ನನ್ನನ್ನು, ಪಕ್ಕದಲ್ಲಿ ಕೂತ ಮಗಳನ್ನು ನೋಡಿದ. ಏನಾಗಿದೆ ಎಂದು ಅವನಿಗೆ ಅರ್ಥವಾಯಿತು. “ಮಗಳದು ನೀನು ತಗೊಂಡಿದೀಯ” ಎಂದ. ನಾನು ತಲೆಯಾಡಿಸಿದೆ. “ನಿನಗೂ ಇದೆಯೇನೇ?” ನಾನು ತುಟಿ ಕಚ್ಚಿಕೊಂಡೆ. ಅವನು ಬಂದು ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತ. ಇಷ್ಟು ವರ್ಷದಲ್ಲಿ ಅವನು ನನ್ನನ್ನು ಏನನ್ನೂ ಬೇಡಿದವನಲ್ಲ. “ನಿಂದು ನನಗೆ ಹೇಳು. ನಾನು ಮಾಡಿದ್ದು ಅಂತ ಊರೆಲ್ಲ ಹೇಳ್ತಿದೆ. ಹೌದೋ ಅಲ್ವೋ ನನಗೆ ತಿಳೀಬೇಕು” ಎಂದ. ಹೇಳಬಾರದು ಎಂದು ಮನಸ್ಸು ಒದರುತ್ತಿತ್ತು. ಹೇಳಿದೆ.

ಚಕ್ರ ತಿರುಗಿಸಿ ತಿರುಗಿಸಿ ಕಬ್ಬಿಣದ ಹಾಗಿದ್ದ ಆಳು, ಹೊಟ್ಟೆ ಹಿಡಿದು ಪಕ್ಕಕ್ಕೆ ಉರುಳಿದ. ಬೆವರು ಧಾರೆಯಾಗಿ ಇಳಿಯಿತು. “ದಿನಾ ಹೀಗೇನಾ?” ಎಂದ.

“ದಿನಾ.”

“ಎಷ್ಟು ವರ್ಷದಿಂದ?”

“ಇಂದ್ರಾಣಿ ಮದುವೆ ಆದಾಗಿಂದ.”

ಅವನು ಗೋಡೆಯ ಕಡೆ ಮುಖ ತಿರುಗಿಸಿಕೊಂಡ. ಹೆಗಲು ಅಲ್ಲಾಡುತ್ತಿದ್ದುದನ್ನು ನೋಡಿ ಅಳುತ್ತಿದ್ದಾನೆಂದು ತಿಳಿಯಿತು. ಮೂವರಲ್ಲಿ ಎದ್ದು ನಿಲ್ಲಬಲ್ಲವಳು ಇಂದ್ರಾಣಿ ಒಬ್ಬಳೇ. ಅವಳು ತುಂಬು ಹೊಟ್ಟೆ ಹೊತ್ತು ಅಡುಗೆಮನೆಗೆ ಹೋದಳು, ಗೊಜ್ಜಿನ ಜಾಡಿಯನ್ನು ಅಪ್ಪನ ಮುಂದೆ ತಂದಿಟ್ಟಳು. ಅವನು ಮಲಗಿದ್ದಲ್ಲಿಂದಲೇ ಕೈ ಚಾಚಿ ಅದರ ಮೈ ಸವರಿದ, ಒಮ್ಮೆ ಮಾತ್ರ. ಆಮೇಲೆ ಕಾಲಿನಿಂದ ಒದ್ದ. ಅದು ಹೊಸ್ತಿಲಿಗೆ ಬಡಿದು ಒಡೆಯಿತು. ಇಂದ್ರಾಣಿಯ ಹೊಟ್ಟೆಯಲ್ಲಿರುವುದಕ್ಕೆ ಇದೆಲ್ಲ ತಡವಾಯಿತೋ ಇಲ್ಲವೋ, ಅದನ್ನು ಯಾವ ಮೊರದ ಕಾಳೂ ನಮಗೆ ಹೇಳುವಂತಿರಲಿಲ್ಲ.

ಹಿಂಡುವಿಕೆಯ ನಡುವೆ ಉಸಿರು ಸಿಕ್ಕಾಗ ಚೆಲುವಯ್ಯ ಕೇಳಿದ: “ಜಾಡಿ ಒಡೆಯೋದನ್ನ ನಾಳೆ ಯಾರ ಮನೆಯಿಂದ ಶುರು ಮಾಡ್ಲಿ?”

“ಬಸುರಿ ಇರೋ ಮನೆಯಿಂದ” ಎಂದೆ.